ಸಂಡೂರಿನ ಬಂಗಾರ: ಮೊದಲು ಅರಿವು, ಆಮೇಲೆ ಅಗೆತ

ನೆರೆಯವನ ಬಾವಿಗೆ ನೀರು ಬಿದ್ದಿತೆಂಬ ಒಂದೇ ಕಾರಣದಿಂದ ತನ್ನ ಹೊಲದಲ್ಲಿಯೂ ನೀರು ಬೀಳುವದೆಂದು ನಂಬಿ ಸಾಲ ಮಾಡುವ ಒಕ್ಕಲಿಗನನ್ನು ನಾವು ಜಾಣನೆನ್ನುವದಿಲ್ಲ. ಆದರೆ ನೆರೆಯ ನೆಲದಲ್ಲಿ ಬಂಗಾರವು ಸಿಕ್ಕಿತೆಂಬ ಸುದ್ದಿಯನ್ನು ಕೇಳಿದೊಡನೆ ಈ ವಿವೇಕವು ಓದುಬರಹ ಬಲ್ಲ ಎಷ್ಟೋ ಜನರನ್ನೂ ಬಿಟ್ಟು ಓಡುವದು. ಉತ್ತರಕ್ಕೆ ಹಟ್ಟಿಯಲ್ಲಿ ಬಂಗಾರ. ಪಶ್ಚಿಮಕ್ಕೆ ಗದಗಿನ ಕಪ್ಪತಗುಡ್ಡದಲ್ಲಿ ಬಂಗಾರ. ಪೂರ್ವಕ್ಕೆ ಕರ್ನೂಲು ಸೀಮೆಯ ಜೊನ್ನಗಿರಿಯಲ್ಲಿ ಬಂಗಾರ. ದಕ್ಷಿಣದಿಕ್ಕಿಗೆ ರಾಮಗಿರಿಯಲ್ಲಿ, ಅದರಾಚೆ ಕೋಲಾರದಲ್ಲಿ ಬಂಗಾರ. ಹೀಗಿರಲು ಇವೆಲ್ಲವುಗಳ ನಡುವೆ ನಿಂತಿರುವ ಸಂಡೂರಿನ ಬೆಟ್ಟಗಳಲ್ಲಿ ಮಾತ್ರ ಅದು ಏಕೆ ಇರಬಾರದು? ಈ ಪ್ರಶ್ನೆಯು ಮೂಢತನದ್ದಲ್ಲ. ಆದರೆ ಇದು ಪ್ರಶ್ನೆಯೇ ಹೊರತು ಉತ್ತರವಲ್ಲ. ಪ್ರಶ್ನೆಯನ್ನೇ ಉತ್ತರವೆಂದು ಮಾರಿ ಹಣ ಮಾಡುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಕಬ್ಬಿಣದ ಅದಿರಿನಿಂದ ಒಮ್ಮೆ ಕೈ ಸುಟ್ಟುಕೊಂಡ ಸಂಡೂರಿನ ಜನರು, ಬಂಗಾರದ ಹೆಸರನ್ನು ಕೇಳಿದಾಗ ಸರಕಾರದಿಂದ ಏನನ್ನು ಕೇಳಿ ಪಡೆಯಬೇಕು ಎಂಬುದನ್ನು ವಿಚಾರಿಸುವದೇ ಈ ಲೇಖದ ಉದ್ದೇಶವು.

ಮೊದಲು ನೆಲದ ಸಂಗತಿಯನ್ನು ನೋಡೋಣ. ನಮ್ಮ ನಾಡಿನ ಬಂಗಾರವು ದೊರೆಯುವ ಕರಿಹಸಿರು ಬಂಡೆಗಳ ಸಮುದಾಯಕ್ಕೆ ಧಾರವಾಡದ ಹೆಸರನ್ನಿಟ್ಟವನು ರಾಬರ್ಟ್ ಬ್ರೂಸ್ ಫೂಟ್ ಎಂಬ ಆಂಗ್ಲ ಭೂಶಾಸ್ತ್ರಜ್ಞನು. ಆತನು ೧೮೮೦ರ ದಶಕದಲ್ಲಿ ಈ ಹೆಸರನ್ನು ಶಾಸ್ತ್ರದಲ್ಲಿ ನೆಲೆಗೊಳಿಸಿದನು. ೧೮೯೫ರಲ್ಲಿ ಬಳ್ಳಾರಿ ಜಿಲ್ಲೆಯ ಭೂಗರ್ಭವನ್ನು ಕುರಿತು ಆತನು ಬರೆದ ಗ್ರಂಥವು ಪ್ರಕಟವಾಯಿತು. ಆ ಕಾಲದಲ್ಲಿ ಈ ಒಂದೇ ಬಂಡೆಯ ಮೇಲೆ ಐದು ಆಳಿಕೆಗಳು ಕುಳಿತಿದ್ದವು. ಕೋಲಾರವು ಮೈಸೂರರಸರದು, ಹಟ್ಟಿಯು ನಿಜಾಮನದು, ಗದಗವು ಮುಂಬಯಿ ಇಲಾಖೆಯದು, ಬಳ್ಳಾರಿಯು ಮದರಾಸಿನದು, ಸಂಡೂರಾದರೋ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವು. ಮನುಷ್ಯರು ನಕಾಶೆಯ ಮೇಲೆ ಎಳೆದ ಗೆರೆಗಳನ್ನು ಬಂಡೆಯು ಲೆಕ್ಕಿಸಲಿಲ್ಲ. ಕನ್ನಡನಾಡು ಒಂದೆಂದು ರಾಜಕಾರಣವು ಒಪ್ಪುವದಕ್ಕೆ ಎಷ್ಟೋ ಮೊದಲೇ ಭೂಶಾಸ್ತ್ರವು ಈ ನೆಲಕ್ಕೆ ಒಂದೇ ಹೆಸರನ್ನು ಕೊಟ್ಟಿತ್ತು. ೧೯೪೯ರಲ್ಲಿ ಸಂಡೂರು ಮದರಾಸು ಪ್ರಾಂತದಲ್ಲಿ ಸೇರಿತು. ೧೯೫೩ರ ಅಕ್ಟೋಬರ ೧ರಂದು ಬಳ್ಳಾರಿಯೊಡನೆ ಮೈಸೂರಿಗೆ ಬಂದಿತು. ೧೯೫೬ರಲ್ಲಿ ಹಟ್ಟಿ, ಗದಗ, ಕೋಲಾರ, ಸಂಡೂರುಗಳು ಒಂದೇ ಸರಕಾರದ ಕೆಳಗೆ ಕೂಡಿದವು. ಆದಕಾರಣ ಒಂದು ಕಡೆಯ ಅನುಭವವು ಇನ್ನೊಂದು ಕಡೆಗೆ ತಿಳಿಯಲಿಲ್ಲವೆಂಬ ನೆವವನ್ನು ಈಗ ಯಾರೂ ಹೇಳಲಾಗದು.

ಸಂಡೂರಿನಲ್ಲಿ ಬಂಗಾರವಿರಬಹುದೆಂಬ ಆಶೆಗೆ ಆಧಾರವಿಲ್ಲವೆಂದಲ್ಲ. ಇಲ್ಲಿಯ ಬಂಡೆಗಳು ಸುಮಾರು ೨೭೦ ಕೋಟಿ ವರ್ಷಗಳಷ್ಟು ಹಳೆಯವು. ಯಶವಂತನಗರ, ದೇವಗಿರಿ, ದೋಣಿಮಲೈ, ತಾಳೂರು, ವಿಭೂತಿಗುಡ್ಡ ಎಂದು ನಮ್ಮ ಊರು ಬೆಟ್ಟಗಳ ಹೆಸರುಗಳನ್ನೇ ಇಟ್ಟು ಶಾಸ್ತ್ರಜ್ಞರು ಅವುಗಳನ್ನು ಪದರು ಪದರಾಗಿ ವಿಂಗಡಿಸಿದ್ದಾರೆ. ಭೂಮಿಯ ಆಳದಿಂದ ಬಿಸಿನೀರು ಗಂಧಕದೊಡನೆ ಕೂಡಿದ ಬಂಗಾರವನ್ನು ಕರಗಿಸಿಕೊಂಡು ಬಂಡೆಯ ಬಿರುಕುಗಳಲ್ಲಿ ಮೇಲೇರುವದು. ದಾರಿಯಲ್ಲಿ ಕಬ್ಬಿಣವು ತುಂಬಿದ ಬಂಡೆಯು ಎದುರಾದರೆ ಆ ಕಬ್ಬಿಣವು ನೀರಿನೊಳಗಿನ ಗಂಧಕವನ್ನು ಸೆಳೆದುಕೊಳ್ಳುವದು. ಗಂಧಕದ ಆಸರೆ ತಪ್ಪಿದ ಬಂಗಾರವು ಅಲ್ಲಿಯೇ ನೆಲೆ ನಿಲ್ಲುವದು. ತುಮಕೂರು ಜಿಲ್ಲೆಯ ಅಜ್ಜನಹಳ್ಳಿಯಲ್ಲಿಯೂ ಹಾವೇರಿ ಜಿಲ್ಲೆಯ ಗಣಜೂರಿನಲ್ಲಿಯೂ ಬಂಗಾರವು ಇಂಥ ಪಟ್ಟೆಪಟ್ಟೆಯಾದ ಕಬ್ಬಿಣದ ಬಂಡೆಯಲ್ಲಿಯೇ ಕಂಡುಬಂದಿದೆ. ಕಬ್ಬಿಣದ ಬಂಡೆಗೆ ಸಂಡೂರಿನಲ್ಲಿ ಬಡತನವಿಲ್ಲವೆಂಬುದು ಲೋಕಕ್ಕೆಲ್ಲ ಗೊತ್ತಿದ್ದ ಸಂಗತಿ. ಹೀಗಾಗಿ ಶೋಧಕನು ಇತ್ತ ಕಣ್ಣು ಹಾಯಿಸುವದು ಸಹಜವೇ ಸರಿ.

ಆದರೆ ಬಲೆಯು ಇದೆ ಎಂದ ಮಾತ್ರಕ್ಕೆ ಮೀನು ಬಿದ್ದಿದೆ ಎಂದು ಹೇಳಬಹುದೆ? ಕಬ್ಬಿಣದ ಬಂಡೆಯಿದ್ದರೆ ಸಾಲದು, ಬಿರುಕಿರಬೇಕು, ಬಿರುಕಿನಲ್ಲಿ ನೀರು ಹಾಯ್ದಿರಬೇಕು, ನೀರಿನಲ್ಲಿ ಬಂಗಾರವಿರಬೇಕು, ಅದು ಒಂದೆಡೆ ಸಾಕಷ್ಟು ಒಟ್ಟುಗೂಡಿರಬೇಕು. ಈ ಎಲ್ಲವೂ ಕೂಡಿ ಬರುವದು ಅಪೂರ್ವ. ಒಂದೇ ಧಾರವಾಡದ ಬಂಡೆಯಲ್ಲಿ ಕೋಲಾರವು ಆಯಿತು. ಅದೇ ಬಂಡೆಯ ಮೇಲೆ ನೂರಾರು ಊರುಗಳು ಬರಿಯ ಕಲ್ಲನ್ನು ಹೊತ್ತು ನಿಂತಿವೆ. ಸಂಡೂರಿನ ಗರ್ಭದಿಂದ ಇದುವರೆಗೆ ಗಾಡಿಗಟ್ಟಲೆ ಹೊರಬಿದ್ದದ್ದು ಕಬ್ಬಿಣ ಮತ್ತು ಮ್ಯಾಂಗನೀಸು, ಬಂಗಾರವಲ್ಲ.

ನೆರೆಹೊರೆಯನ್ನು ನಂಬಿ ಕೆಟ್ಟವರ ಕಥೆಯು ನಮ್ಮ ಸುತ್ತಮುತ್ತಲೇ ಇದೆ. ೧೮೮೦ರ ಸುಮಾರಿಗೆ ವಯನಾಡಿನಲ್ಲಿ ಬಂಗಾರವಿದೆಯೆಂಬ ಕೂಗೆದ್ದಿತು. ಅಲ್ಲಿ ಹಳೆಯ ಕುಳಿಗಳೂ ಬಿಳಿಗಲ್ಲಿನ ಸೆರೆಗಳೂ ಇದ್ದುದು ದಿಟವೇ. ಅಷ್ಟನ್ನೇ ಬಂಡವಾಳ ಮಾಡಿಕೊಂಡು ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ಎದ್ದವು. ಲಕ್ಷಗಟ್ಟಲೆ ಪೌಂಡುಗಳ ಷೇರುಗಳು ಕೈಯಿಂದ ಕೈಗೆ ಹಾರಾಡಿದವು. ಬೆಟ್ಟದ ಮೇಲೆ ಯಂತ್ರಗಳು ಏರಿದವು. ಕೆಲವೇ ವರ್ಷಗಳಲ್ಲಿ ಎಲ್ಲವೂ ಕುಸಿದು ಬಿದ್ದು ಯಂತ್ರಗಳು ತುಕ್ಕು ಹಿಡಿದವು. ಬಂಗಾರವು ಇರಲಿಲ್ಲವೆಂದಲ್ಲ, ಅಗೆತದ ಖರ್ಚಿಗೆ ಸಾಲುವಷ್ಟು ಇರಲಿಲ್ಲ. ಮುಂದೆ ೨೦ನೆಯ ಶತಮಾನದ ಮೊದಲ ದಶಕದಲ್ಲಿ ಅದೇ ನಾಟಕವು ಗದಗದ ಸೀಮೆಯಲ್ಲಿ ನಡೆಯಿತು. ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರೆಂಬವರು ಮರಿಗೆಯಲ್ಲಿ ಮರಳು ತೊಳೆದು ಬಂಗಾರದ ಪುಡಿಯನ್ನು ಕೂಡಿಸಿ ಹೊಟ್ಟೆ ಹೊರೆಯುತ್ತಿದ್ದುದನ್ನು ಕಂಡು, ಹಳ್ಳದಲ್ಲಿ ಇಷ್ಟಿದ್ದರೆ ಗುಡ್ಡದಲ್ಲಿ ಎಷ್ಟಿರಬೇಡ ಎಂದು ಕಂಪನಿಗಳು ಬಂದವು. ಕಬುಲಾಯತಕಟ್ಟಿಯ ಸುತ್ತ ಬಾವಿಗಳನ್ನು ತೋಡಿದವು. ಕೋಲಾರವು ಆಗ ಉಚ್ಛ್ರಾಯ ಸ್ಥಿತಿಯಲ್ಲಿದ್ದುದರಿಂದ ಅದರ ಹೆಸರೇ ಇವರಿಗೆಲ್ಲ ಜಾಮೀನಾಯಿತು. ಹತ್ತು ವರ್ಷಗಳೊಳಗೆ ಆ ಉತ್ಸಾಹವೆಲ್ಲ ಇಳಿದುಹೋಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆಗಳೂ ಉಂಟು; ಅವನ್ನು ಮುಚ್ಚಿಡುವದು ನ್ಯಾಯವಲ್ಲ. ಕೋಲಾರದಲ್ಲಿ ಮೈಸೂರು ಗಣಿಯ ಹಣವು ತೀರುತ್ತ ಬಂದು, ಪಾಲುದಾರರು ಕೈಬಿಡುವ ಹೊತ್ತಿಗೆ, ಪ್ಲಮ್ಮರನೆಂಬ ಗಣಿಯ ಅಧಿಕಾರಿಯು ಹಳೆಯ ಕಾಲದವರ ಕುಳಿಗಳನ್ನು ಬೆನ್ನಟ್ಟಿ ಅಗೆದು ೧೮೮೦ರ ದಶಕದ ನಡುವಿನಲ್ಲಿ ಮುಖ್ಯವಾದ ಸೆರೆಯನ್ನು ಕಂಡನು. ಅದೇ ಗಣಿಯ ಸೀಮೆಯು ೨೦೦೧ರ ಫೆಬ್ರುವರಿ ೨೮ರಂದು ಮುಚ್ಚುವ ಹೊತ್ತಿಗೆ ಸುಮಾರು ೮೦೦ ಟನ್ನು ಬಂಗಾರವನ್ನು ಕೊಟ್ಟಿತ್ತು. ಹಟ್ಟಿಯೂ ೧೯೨೦ರ ಸುಮಾರಿಗೆ ನಿಂತು ಹೋಗಿ, ೧೯೪೭ರಲ್ಲಿ ಹೊಸ ಕಂಪನಿಯು ಹುಟ್ಟಿದ ಮೇಲೆ ಮತ್ತೆ ಜೀವ ತಳೆದು, ಇಂದು ಕರ್ನಾಟಕ ಸರಕಾರದ ಒಡೆತನದಲ್ಲಿ ದುಡಿಯುತ್ತಿದೆ. ಆದರೆ ಲಕ್ಷ್ಯವಿಟ್ಟು ನೋಡಿರಿ: ಈ ಎರಡು ಕಡೆಯಲ್ಲಿಯೂ ಫಲವನ್ನು ಕೊಟ್ಟದ್ದು ನೆರೆಯ ಗಣಿಯ ಕೀರ್ತಿಯಲ್ಲ, ಆ ನೆಲದಲ್ಲಿಯೇ ಮಾಡಿದ ಅಗೆತ, ಅಳತೆ, ಪರೀಕ್ಷೆಗಳು. ಹಾಗಾದರೆ ಶೋಧವೇ ಬೇಡವೆನ್ನುವವರೂ ತಪ್ಪುವರು. ಶೋಧಕ್ಕಿಂತ ಮೊದಲೇ ಹಬ್ಬ ಮಾಡುವವರೂ ತಪ್ಪುವರು.

ಶೋಧವು ಬರಿಯ ಲಾಭದ ಕೆಲಸವಲ್ಲವೆಂಬುದಕ್ಕೆ ಒಂದು ನಿದರ್ಶನವನ್ನು ಕನ್ನಡಿಗರು ಮರೆಯಬಾರದು. ೧೯೧೫ರಲ್ಲಿ ಹಟ್ಟಿಯ ಸೀಮೆಗೆ ಹೊಂದಿದ ಮಸ್ಕಿಯಲ್ಲಿ ಬೀಡನ್ ಎಂಬ ಬಂಗಾರದ ಗಣಿಯ ಇಂಜಿನಿಯರನು ಗುಡ್ಡದ ಬಂಡೆಯ ಮೇಲೆ ಒಂದು ಶಾಸನವನ್ನು ಕಂಡನು. ಅದುವರೆಗೆ ದೊರೆತ ಧರ್ಮಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದು ಮಾತ್ರ ಇತ್ತು; ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರೇ ಕೆತ್ತಿತ್ತು. ಬಂಗಾರದ ಕೆಲಸಕ್ಕಾಗಿ ಬಂದವನ ಕಣ್ಣಿಗೆ ಇತಿಹಾಸವು ಬಿದ್ದಿತು. ಅದು ಪ್ರಕಟವಾದುದರಿಂದಲೇ ಲೋಕದ ಸೊತ್ತಾಯಿತು. ನೆಲವನ್ನು ಕೆದಕಿ ಕಂಡ ಸತ್ಯವು, ಅದು ಶಾಸನವಾಗಿರಲಿ, ಅದಿರಾಗಿರಲಿ, ಏನೂ ಇಲ್ಲವೆಂಬ ನಿರಾಶೆಯೇ ಆಗಿರಲಿ, ಆ ನೆಲದ ಜನರಿಗೆ ಸಲ್ಲಬೇಕಾದದ್ದು. ನಮ್ಮ ವಾದದ ತಿರುಳು ಇದೇ.

ಇನ್ನು ಶೋಧವು ನಡೆಯುವ ಕ್ರಮವನ್ನು ತಿಳಿದಿರುವದು ಒಳ್ಳೆಯದು. ಏಕೆಂದರೆ ಕ್ರಮವನ್ನರಿಯದವನನ್ನು ಮೋಸಗೊಳಿಸುವದು ಸುಲಭ. ಮೊದಲು ಹಳ್ಳಗಳ ಮರಳನ್ನೂ ಹೊಲಗಳ ಮಣ್ಣನ್ನೂ ತೆಗೆದು ಪರೀಕ್ಷಿಸುವರು. ಜಾಲಗಾರನು ಮರಿಗೆಯಲ್ಲಿ ಮಾಡಿದ್ದನ್ನೇ ಪ್ರಯೋಗಶಾಲೆಯವರು ನೂರ್ಮಡಿ ಸೂಕ್ಷ್ಮವಾಗಿ ಮಾಡುವರು. ಸುಳಿವು ಹತ್ತಿದ ಕಡೆ ಕಂದಕವನ್ನು ತೋಡಿ ಬಂಡೆಯ ಉದ್ದಕ್ಕೂ ತುಣುಕುಗಳನ್ನು ಕಿತ್ತು, ಮೂಸೆಯಲ್ಲಿ ಸೀಸದೊಡನೆ ಕರಗಿಸಿ ತೂಗುವರು. ಆಮೇಲೆ ಕೊರೆಯುವ ಯಂತ್ರದಿಂದ ನೂರಾರು ಅಡಿ ಆಳದ ಕಲ್ಲಿನ ಕೋಲುಗಳನ್ನು ಮೇಲೆತ್ತುವರು. ನಮ್ಮ ದೇಶದ ನಿಯಮಗಳಲ್ಲಿ ಈ ಕೆಲಸವನ್ನು ನಾಲ್ಕು ಮೆಟ್ಟಿಲುಗಳಾಗಿ ಎಣಿಸುತ್ತಾರೆ: ಮೇಲುನೋಟದ ಸಮೀಕ್ಷೆ, ಪ್ರಾಥಮಿಕ ಶೋಧ, ಸಾಮಾನ್ಯ ಶೋಧ, ಸವಿಸ್ತಾರ ಶೋಧ. ಮೊದಲ ಮೆಟ್ಟಿಲಿನಲ್ಲಿ ಸುಳಿವು ಮಾತ್ರ ಸಿಕ್ಕುವದು. ಕೊನೆಯ ಮೆಟ್ಟಿಲಿನಲ್ಲಿ ಮಾತ್ರ ಎಷ್ಟು ಟನ್ನು ಅದಿರು, ಟನ್ನಿಗೆ ಎಷ್ಟು ಗ್ರಾಮು ಬಂಗಾರ ಎಂಬುದನ್ನು ನಂಬುಗೆಯಿಂದ ಹೇಳಬಹುದು. ಮೊದಲ ಮೆಟ್ಟಿಲನ್ನು ಹತ್ತಿದ ಜಾಗಗಳಲ್ಲಿ ಬಹುಪಾಲು ಕೊನೆಯ ಮೆಟ್ಟಿಲನ್ನು ಮುಟ್ಟುವದೇ ಇಲ್ಲ. ಹೀಗಿರಲು ಮೊದಲ ಮೆಟ್ಟಿಲಿನ ಸುದ್ದಿಯನ್ನು ಕೊನೆಯ ಮೆಟ್ಟಿಲಿನ ದನಿಯಲ್ಲಿ ಸಾರುವವನನ್ನು ಕಂಡರೆ, ಅವನ ಕೈಯಲ್ಲಿ ಮಾರಲಿಕ್ಕೆ ಏನೋ ಇದೆ ಎಂದು ತಿಳಿಯಬೇಕು.

ಈಗ ಸಂಡೂರಿನವರು ವಿಶೇಷವಾಗಿ ವಿಚಾರ ಮಾಡಬೇಕಾದ ಮಾತೊಂದಿದೆ. ಕಬ್ಬಿಣದ ಗಣಿಯನ್ನು ಕಂಡವರು ಬಂಗಾರದ ಗಣಿಯನ್ನೂ ಅದೇ ಜಾತಿಯದೆಂದು ಭಾವಿಸುವದುಂಟು. ಇದು ದೊಡ್ಡ ಭ್ರಮೆ. ಒಳ್ಳೆಯ ಕಬ್ಬಿಣದ ಅದಿರಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಕಬ್ಬಿಣವೇ. ಅಗೆದದ್ದರಲ್ಲಿ ದೊಡ್ಡ ಪಾಲು ಲಾರಿ ರೈಲುಗಳನ್ನೇರಿ ಊರು ಬಿಟ್ಟು ಹೋಗುವದು. ಬಂಗಾರದ ಲೆಕ್ಕವು ಬೇರೆ. ಟನ್ನಿಗೆ ೩ ಗ್ರಾಮು ಬಂಗಾರವು ಸಿಕ್ಕಿತೆಂದು ಇಟ್ಟುಕೊಳ್ಳಿರಿ. ಒಂದು ಟನ್ನೆಂದರೆ ೧೦ ಲಕ್ಷ ಗ್ರಾಮು. ಅದರಲ್ಲಿ ೩ ಗ್ರಾಮು ಅಕ್ಕಸಾಲೆಗೆ ಹೋದರೆ, ಉಳಿದ ೯,೯೯,೯೯೭ ಗ್ರಾಮು ಹಿಟ್ಟಾಗಿ ಅರೆದು ಊರಿನಲ್ಲಿಯೇ ಉಳಿಯುವದು. ಒಂದು ತೊಲೆ ಬಂಗಾರಕ್ಕೆ ಸುಮಾರು ನಾಲ್ಕು ಟನ್ನು ಕಲ್ಲಿನ ಹಿಟ್ಟು! ಕಬ್ಬಿಣದ ಗಣಿಯಲ್ಲಿ ಬೆಟ್ಟವು ಊರು ಬಿಟ್ಟು ಹೋಗುವದು. ಬಂಗಾರದ ಗಣಿಯಲ್ಲಿ ಬೆಟ್ಟವು ಪುಡಿಯಾಗಿ ಊರ ಮೇಲೆಯೇ ಕುಳಿತುಕೊಳ್ಳುವದು. ಕೋಲಾರದ ಗಣಿಯ ಊರಿನಲ್ಲಿ ಎದ್ದು ನಿಂತಿರುವ ಸಯನೈಡ್ ದಿಬ್ಬಗಳನ್ನು ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ಗಾಳಿಯ ಕಾಲ ಬಂದರೆ ಆ ದಿಬ್ಬದ ಧೂಳು ಮನೆಮನೆಯ ಅಡಿಗೆಯೊಳಗೆ ಹೊಗುವದು.

ಇದಕ್ಕಿಂತಲೂ ಭಯಂಕರವಾದದ್ದು ಕಣ್ಣಿಗೆ ಕಾಣದ ವಿಷವು. ಬಂಗಾರವಿರುವ ಬಂಡೆಯಲ್ಲಿ ಅನೇಕವೇಳೆ ಪಾಷಾಣವೂ, ಅಂದರೆ ಆರ್ಸೆನಿಕ್ ಎಂಬ ಧಾತುವೂ, ಅದರ ಒಡನಾಡಿಯಾಗಿರುತ್ತದೆ. ಬಂಡೆಯು ಭೂಮಿಯೊಳಗೆ ಇಡಿಯಾಗಿರುವ ತನಕ ಅದರ ಬಹುಪಾಲು ಅಲ್ಲಿಯೇ ಸೆರೆಯಾಗಿರುವದು. ಪುಡಿಯಾಗಿ ಗಾಳಿ ಮಳೆಗಳಿಗೆ ಒಡ್ಡಿದ ಮೇಲೆ ನೀರಿನಲ್ಲಿ ಇಳಿಯುವದು. ಯಾದಗಿರಿ ಜಿಲ್ಲೆಯಲ್ಲಿ, ೧೯೯೦ರ ದಶಕದಲ್ಲಿ ಮುಚ್ಚಿದ ಮಂಗಳೂರು ಎಂಬ ಹೆಸರಿನ ಬಂಗಾರದ ಗಣಿಗೆ ಸಮೀಪವಾದ ಕಿರದಳ್ಳಿ ತಾಂಡಾದ ಕುಡಿಯುವ ನೀರಿನಲ್ಲಿ ಈ ಪಾಷಾಣವು ಕಂಡುಬಂದಿತು. ಅಲ್ಲಿಯ ಬಡ ಲಂಬಾಣಿಗರು ಚರ್ಮದ ರೋಗಗಳಿಂದ ನರಳಿದರು. ಗಣಿಯು ಮುಚ್ಚಿದರೂ ನೀರಿನ ಸಂಕಟವು ಮುಚ್ಚಲಿಲ್ಲ. ಸಂಡೂರಿನ ಕಣಿವೆಯ ನೀರು ನಾರಿಹಳ್ಳಕ್ಕೆ ಇಳಿಯುವದು. ತಾರಾನಗರದ ಬಳಿ ಕಟ್ಟಿದ ಜಲಾಶಯವೇ ಈ ಸೀಮೆಗೆ ನೀರಿನ ಆಸರೆ. ಬೆಟ್ಟಗಳ ಬೇರೊಂದು ಮಗ್ಗುಲಲ್ಲಿ ಹೊಸಪೇಟೆಯ ತುಂಗಭದ್ರಾ ಜಲಾಶಯವಿದೆ. ಆದ್ದರಿಂದ ಇಲ್ಲಿ ಬಂಗಾರದ ಪ್ರಶ್ನೆಯು ಮೊದಲಿನಿಂದ ಕೊನೆಯತನಕ ನೀರಿನ ಪ್ರಶ್ನೆಯೂ ಆಗಿದೆ.

ಕಬ್ಬಿಣದ ಕಾಲದಲ್ಲಿ ನಮಗಾದ ಪಾಠವನ್ನು ಸಂಕ್ಷೇಪವಾಗಿ ನೆನೆಯೋಣ. ೨೧ನೆಯ ಶತಮಾನದ ಮೊದಲ ವರ್ಷಗಳಲ್ಲಿ ಪರದೇಶದ ಬೆಲೆಯು ಏರಿದೊಡನೆ ಬಳ್ಳಾರಿ, ಸಂಡೂರು, ಹೊಸಪೇಟೆಗಳಲ್ಲಿ ಅಗೆತಕ್ಕೆ ಹದ್ದೇ ಇಲ್ಲದಂತಾಯಿತು. ಗುತ್ತಿಗೆಯ ಗಡಿಗಳು ಕಾಗದದ ಮೇಲೊಂದು, ನೆಲದ ಮೇಲೊಂದು ಆದವು. ೨೦೧೧ರ ಜುಲೈ ೨೭ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು ತಮ್ಮ ವರದಿಯನ್ನು ಸರಕಾರಕ್ಕೆ ಒಪ್ಪಿಸಿದರು. ಎರಡು ದಿನಗಳ ತರುವಾಯ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಸಮಾಜ ಪರಿವರ್ತನ ಸಮುದಾಯದವರು ಹೂಡಿದ ಆ ಮೊಕದ್ದಮೆಯಲ್ಲಿ ೨೦೧೩ರ ಏಪ್ರಿಲ್ ೧೮ರಂದು ತೀರ್ಪು ಬಂದಾಗ, ಘೋರವಾಗಿ ಮೇರೆ ಮೀರಿದ ೫೧ ಗುತ್ತಿಗೆಗಳು ರದ್ದಾದವು. ಈ ಎಲ್ಲದರಲ್ಲಿ ಮುಖ್ಯವಾದ ಸಂಗತಿಯು ಯಾವುದು? ಗುತ್ತಿಗೆಯ ಗಡಿಯು ಎಲ್ಲಿದೆ ಎಂಬುದನ್ನು ಅಳೆದು ನಿಶ್ಚಯಿಸುವ ಕೆಲಸವು ಅಗೆತಕ್ಕಿಂತ ಮೊದಲು ಆಗಬೇಕಾಗಿತ್ತು. ನ್ಯಾಯಾಲಯದ ಅಪ್ಪಣೆಯಿಂದ ಅಗೆತವಾದ ಮೇಲೆ ಆಯಿತು. ಅರಿವು ಹಿಂದಾಗಿ ಅಗೆತವು ಮುಂದಾಯಿತು. ಅದರ ದಂಡವನ್ನು ಕೆಂಪು ಧೂಳನ್ನು ಕುಡಿದ ಹೊಲಗಳೂ ಹಳ್ಳಗಳೂ ತೆತ್ತವು. ಗಣಿಯು ನಿಂತಾಗ ಕೂಲಿಯು ತಪ್ಪಿದ ಬಡವರೂ ತೆತ್ತರು.

ಬಂಗಾರದ ವಿಷಯದಲ್ಲಿ ಕಾಯದೆಯು ಈಗ ಎರಡು ದಾರಿಗಳನ್ನು ತೆರೆದಿದೆ. ೨೦೧೫ರ ತಿದ್ದುಪಡಿಯಿಂದ ಗಣಿಗಳನ್ನು ಲಿಲಾವಿನ ಮೂಲಕ ಕೊಡುವ ಪದ್ಧತಿಯು ಬಂದಿತು. ಅದರಲ್ಲಿ ಸಂಯುಕ್ತ ಪರವಾನಿಗೆಯೆಂಬುದೊಂದು ಬಗೆ: ಅದನ್ನು ಪಡೆದವನೇ ಶೋಧಿಸುವನು, ಅದಿರು ಇದೆಯೆಂದು ತೋರಿಸಿದರೆ ಅವನೇ ಗಣಿಯನ್ನೂ ಪಡೆಯುವನು. ೨೦೨೩ರ ತಿದ್ದುಪಡಿಯು, ಬಂಗಾರವೂ ಸೇರಿದಂತೆ ೨೯ ಖನಿಜಗಳಿಗೆ ಶೋಧದ ಪರವಾನಿಗೆಯೆಂಬ ಬೇರೊಂದು ಬಗೆಯನ್ನು ತಂದಿತು. ಇದರಲ್ಲಿ ಶೋಧಕನು ಶೋಧ ಮಾತ್ರ ಮಾಡುವನು. ಅವನು ಕಂಡದ್ದರ ಮೇಲೆ ಸರಕಾರವು ಗಣಿಯನ್ನು ಲಿಲಾವು ಮಾಡುವದು. ಗಣಿಯನ್ನು ಪಡೆದವನು ಕೊಡುವ ಲಿಲಾವಿನ ಹಣದಲ್ಲಿ ಶೋಧಕನಿಗೆ ಒಂದು ಪಾಲು ಸಲ್ಲುವದು. ಹುಡುಕುವವನನ್ನೂ ಅಗೆಯುವವನನ್ನೂ ಬೇರ್ಪಡಿಸಿದ ಈ ಎರಡನೆಯ ದಾರಿಯೇ ಮೇಲೆಂದು ನಮ್ಮ ಮತ. ಆದರೂ ಪಾಲಿನ ಆಶೆಯು ಇರುವಲ್ಲಿ ಹೆಚ್ಚಿಸಿ ಹೇಳುವ ಆಶೆಯೂ ಇದ್ದೇ ಇರುವದು. ಒರೆಗಲ್ಲು ಅಕ್ಕಸಾಲಿಗನ ಕೈಯಲ್ಲಿಯೇ ಇದ್ದರೆ ಗಿರಾಕಿಯು ಎರಡನೆಯ ಅಂಗಡಿಯಲ್ಲಿಯೂ ಒಮ್ಮೆ ತೋರಿಸಿಕೊಳ್ಳುವದು ವಾಡಿಕೆ. ಒಂದು ಉಂಗುರಕ್ಕೆ ಇಷ್ಟು ಎಚ್ಚರಿಕೆಯಿರುವ ನಾವು ಒಂದು ಬೆಟ್ಟಕ್ಕೆ ಅಷ್ಟೂ ಎಚ್ಚರಿಕೆಯನ್ನು ತೋರಬಾರದೆ?

ಇಷ್ಟೆಲ್ಲ ವಿಚಾರದ ಮೇಲೆ ಸಂಡೂರಿನವರು ಕೇಳಬೇಕಾದ ಮಾತುಗಳು ನಾಲ್ಕು.

ಮೊದಲನೆಯದು: ಶೋಧದ ವರದಿಯು ಕನ್ನಡದಲ್ಲಿ ಬರಬೇಕು. ಎಲ್ಲೆಲ್ಲಿ ಕೊರೆದರು, ಎಷ್ಟು ಆಳಕ್ಕೆ ಕೊರೆದರು, ಎಷ್ಟು ಅಗಲದಲ್ಲಿ ಟನ್ನಿಗೆ ಎಷ್ಟು ಗ್ರಾಮು ಸಿಕ್ಕಿತು ಎಂಬ ಲೆಕ್ಕವು ತಾಲೂಕಿನ ವಾಚನಾಲಯದಲ್ಲಿಯೂ ಆಯಾ ಗ್ರಾಮಪಂಚಾಯತಿಯಲ್ಲಿಯೂ ಓದಲು ಸಿಕ್ಕಬೇಕು. ಖನಿಜಶೋಧಕ್ಕೆಂದೇ ಇರುವ ರಾಷ್ಟ್ರೀಯ ನಿಧಿಯು ಗಣಿಗುತ್ತಿಗೆದಾರರು ರಾಜಧನದ ಮೇಲೆ ತೆರುವ ಹಣದಿಂದ ತುಂಬುವದು. ಆ ಹಣದಲ್ಲಿ ಸಂಡೂರಿನ ಬೆಟ್ಟದ ಪಾಲು ಸಣ್ಣದಲ್ಲ. ತಾವು ಕಳೆದುಕೊಂಡ ಬೆಟ್ಟದ ಹಣದಿಂದ ಕೂಡಿಸಿದ ಅರಿವು ತಮ್ಮ ಭಾಷೆಯಲ್ಲಿ ತಮಗೆ ಸಿಕ್ಕದಿದ್ದರೆ, ೧೯೫೬ರಲ್ಲಿ ನಾಡು ಒಂದಾದುದರ ಫಲವೇನು?

ಎರಡನೆಯದು: ಸೋಲನ್ನೂ ಪ್ರಕಟಿಸಬೇಕು. ಏನೂ ಸಿಕ್ಕಲಿಲ್ಲವೆಂಬ ವರದಿಯು ಸಿಕ್ಕಿತೆಂಬ ವರದಿಯಷ್ಟೇ ಬೆಲೆಯುಳ್ಳದ್ದು. ಅದಿಲ್ಲದಿದ್ದರೆ ಹತ್ತು ವರ್ಷಗಳ ತರುವಾಯ ಮತ್ತೊಬ್ಬನು ಅದೇ ಬೆಟ್ಟವನ್ನು ಹೊಸದೆಂಬಂತೆ ತೋರಿಸಿ ಹಣವನ್ನೆತ್ತುವನು. ಮತ್ತೊಮ್ಮೆ ಕಾಡಿನಲ್ಲಿ ದಾರಿಗಳು ಬೀಳುವವು. ಕೆಲಸವಾದ ಮೇಲೆ ಕಂದಕ ಕುಳಿಗಳನ್ನು ಮುಚ್ಚಿಸಿಯೇ ಶೋಧಕನ ಠೇವಣಿಯನ್ನು ಹಿಂದಕ್ಕೆ ಕೊಡಬೇಕು.

ಮೂರನೆಯದು: ಮೊದಲ ಕೊರೆತಕ್ಕಿಂತ ಮೊದಲೇ ನೀರನ್ನು ಪರೀಕ್ಷಿಸಿ ಬರೆದಿಡಬೇಕು. ನಾರಿಹಳ್ಳದ ನೀರು, ಸುತ್ತಲಿನ ಊರುಗಳ ಬಾವಿ ಬೋರುಗಳ ನೀರು ಇಂದು ಹೇಗಿದೆ ಎಂಬ ಲೆಕ್ಕವಿಲ್ಲದಿದ್ದರೆ, ನಾಳೆ ಕೆಟ್ಟಾಗ ಅದು ಮೊದಲೇ ಕೆಟ್ಟಿತ್ತೆಂದು ಹೇಳುವದು ಬಹಳ ಸುಲಭ. ದಟ್ಟವಾದ ಕಾಡೂ, ಕುಮಾರಸ್ವಾಮಿ ಪಾರ್ವತಿಯರ ಪುರಾತನ ದೇವಾಲಯಗಳಿರುವ ಬೆಟ್ಟವೂ ಶೋಧದ ಗೆರೆಯಿಂದ ಹೊರಗೆ ಉಳಿಯಬೇಕು. ಕಪ್ಪತಗುಡ್ಡದ ವಿಷಯದಲ್ಲಿ ಗದಗಿನ ಜನರು, ತೋಂಟದ ಸಿದ್ಧಲಿಂಗ ಸ್ವಾಮಿಗಳಂಥ ಹಿರಿಯರನ್ನು ಮುಂದಿಟ್ಟುಕೊಂಡು, ಈ ಮಾತನ್ನು ಎತ್ತಿ ಹಿಡಿದರು. ೨೦೧೯ರಲ್ಲಿ ಆ ಗುಡ್ಡವು ವನ್ಯಜೀವಿಧಾಮವಾಯಿತು. ಸಂಡೂರಿನ ಕಾಡು ಅದಕ್ಕಿಂತ ಕಡಿಮೆಯದೇನಲ್ಲ.

ನಾಲ್ಕನೆಯದು: ಶೋಧಕನ ಮಾದರಿಗಳನ್ನು ಅವನಿಗೆ ಸಂಬಂಧವಿಲ್ಲದ ಎರಡನೆಯ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕು. ಕೊರೆದು ತೆಗೆದ ಕಲ್ಲಿನ ಕೋಲುಗಳನ್ನು ಸರಕಾರವು ಕಾಪಾಡಿ ಇಡಬೇಕು. ಮೂಸೆಯ ಲೆಕ್ಕವು ಒಬ್ಬನ ಬಾಯಿಮಾತಿನಲ್ಲಿ ನಿಲ್ಲಬಾರದು.

ಇದನ್ನೆಲ್ಲ ಕೇಳಿ ಕೆಲವರು, ನೀವು ಅಭಿವೃದ್ಧಿಗೆ ಅಡ್ಡ ಬರುವವರು, ದೇಶವು ಪರದೇಶದಿಂದ ಬಂಗಾರವನ್ನು ಕೊಂಡು ಹಣವನ್ನು ಸುರಿಯುತ್ತಿರುವಾಗ ನಮ್ಮ ನೆಲದ ಬಂಗಾರವನ್ನು ಏಕೆ ಬಿಡಬೇಕು ಎಂದಾರು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಅದನ್ನು ನಾವು ಅಲ್ಲಗಳೆಯುವದಿಲ್ಲ. ಬಂಗಾರವು ಕೆಲಸವನ್ನು ಕೊಡಬಲ್ಲದು, ಊರನ್ನು ಕಟ್ಟಬಲ್ಲದು. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಮೊಟ್ಟಮೊದಲು ಮುಟ್ಟಿದ್ದು ಕೋಲಾರದ ಗಣಿಗಳನ್ನೇ. ಆದರೆ ಆ ದೀಪದ ಕೆಳಗಿನ ಕತ್ತಲೆಯನ್ನೂ ನೋಡಬೇಕಷ್ಟೆ. ೧೨೦ ವರ್ಷಗಳ ತನಕ ಬಂಗಾರವನ್ನು ಕೊಟ್ಟ ಊರಿಗೆ ಗಣಿಯು ಮುಚ್ಚಿದ ದಿನ ಉಳಿದದ್ದು ಧೂಳಿನ ದಿಬ್ಬಗಳು, ದಿನವೂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುವ ಮಕ್ಕಳು, ಕಲ್ಲಿನ ಹುಡಿಯಿಂದ ಎದೆ ಕೆಟ್ಟ ಮುದುಕರು. ಗಣಿಯು ಎಂದಾದರೊಂದು ದಿನ ಮುಚ್ಚುವದು ನಿಶ್ಚಯವಾದ ಮೇಲೆ, ತೆರೆಯುವ ದಿನವೇ ಮುಚ್ಚುವ ದಿನದ ಲೆಕ್ಕವನ್ನು ಕೇಳುವದು ಅಭಿವೃದ್ಧಿಯ ದ್ವೇಷವಲ್ಲ, ಮನೆವಾರ್ತೆಯ ವಿವೇಕವು. ನಾವು ಶೋಧವನ್ನು ಬೇಡವೆನ್ನುತ್ತಿಲ್ಲ. ನಿಜವಾದ ಶೋಧವು ನಡೆಯಲಿ ಎನ್ನುತ್ತೇವೆ. ಹಗಲಿನಲ್ಲಿ ನಡೆಯಲಿ, ಎಲ್ಲರಿಗೂ ಕಾಣುವಂತೆ ನಡೆಯಲಿ ಎನ್ನುತ್ತೇವೆ.

ಇದರಲ್ಲಿ ಊರಿನ ಅಕ್ಷರಸ್ಥರ, ಅದರಲ್ಲಿಯೂ ಶಾಲಾ ಉಪಾಧ್ಯಾಯರ ಹೊಣೆಯು ದೊಡ್ಡದು. ದೋಣಿಮಲೈಯ ಕಲ್ಲೂ ದೇವಗಿರಿಯ ಕಲ್ಲೂ ಬೇರೆಬೇರೆ ಏಕೆ, ಯಾವುದರಲ್ಲಿ ಕಬ್ಬಿಣವು, ಯಾವುದರಲ್ಲಿ ಮ್ಯಾಂಗನೀಸು, ಹಳ್ಳದ ಮರಳಿನಲ್ಲಿ ಹೊಳೆಯುವದೆಲ್ಲ ಬಂಗಾರವೇಕಲ್ಲ ಎಂಬುದನ್ನು ಸಂಡೂರಿನ ಹುಡುಗನು ತನ್ನ ಶಾಲೆಯಲ್ಲಿ ಕಲಿಯದೆ ಮತ್ತೆಲ್ಲಿ ಕಲಿಯಬೇಕು? ಟನ್ನಿಗೆ ಎಷ್ಟು ಗ್ರಾಮು ಎಂಬ ತ್ರೈರಾಶಿಕವನ್ನು ಆರನೆಯ ಇಯತ್ತೆಯ ಹುಡುಗನೂ ಬಿಡಿಸಬಲ್ಲನು. ಆ ಲೆಕ್ಕವನ್ನು ಬಲ್ಲ ಊರನ್ನು ಯಾವ ಕಂಪನಿಯೂ ಬಣ್ಣದ ಮಾತಿನಿಂದ ಕೊಳ್ಳಲಾರದು. ಹೊಸಪೇಟೆ, ಕಂಪ್ಲಿ, ಸಂಡೂರುಗಳ ವಾಚನಾಲಯಗಳಲ್ಲಿ ತಿಂಗಳಿಗೊಂದು ಸಲ ಕೂಡಿ ಸರಕಾರದ ಲಿಲಾವಿನ ಪ್ರಕಟಣೆಗಳನ್ನು ಓದಿ ಅರ್ಥ ಹೇಳುವ ಹತ್ತು ಜನರಿದ್ದರೆ ಸಾಕು. ಗ್ರಾಮಸಭೆಯಲ್ಲಿ ಸರಿಯಾದ ಪ್ರಶ್ನೆಯು ಏಳುವದು.

ಸಂಡೂರಿನ ಬೆಟ್ಟದಲ್ಲಿ ಬಂಗಾರವು ಇದ್ದರೆ ಅದು ಮನುಷ್ಯನು ಹುಟ್ಟುವದಕ್ಕಿಂತ ಎಷ್ಟೋ ಮೊದಲು, ಕೋಟಿ ಕೋಟಿ ವರ್ಷಗಳಿಂದ ಅಲ್ಲಿಯೇ ಕಾದಿದೆ. ನಾವು ನೀರನ್ನು ಅಳೆಯುವ ತನಕ, ವರದಿಯನ್ನು ಓದುವ ತನಕ, ಲೆಕ್ಕವನ್ನು ತಾಳೆ ನೋಡುವ ತನಕ ಇನ್ನು ನಾಲ್ಕಾರು ವರ್ಷ ಕಾಯಲಾರದೆ? ಇಲ್ಲದಿದ್ದರೆ ಇಲ್ಲವೆಂಬುದನ್ನು ತಿಳಿದು ಬೆಟ್ಟವನ್ನು ಬೆಟ್ಟವಾಗಿಯೇ ಉಳಿಸಿಕೊಳ್ಳೋಣ. ಅರಿವಿಗೆ ಅವಸರ ಮಾಡುವದರಿಂದ ನಷ್ಟವಿಲ್ಲ. ಅಗೆತಕ್ಕೆ ಅವಸರ ಮಾಡಿದರೆ ಏನಾಗುವದೆಂಬುದನ್ನು ಸಂಡೂರಿಗೆ ಹೊರಗಿನವರು ಬಂದು ಕಲಿಸಬೇಕಾದುದಿಲ್ಲ.